ಅವಸರವಿಲ್ಲದ ಅರ್ಜಿ

ಇಡೀ ರಂಪಕ್ಕೆ ಕಾರಣವಾದ ಕಾಗದ ಅಂಗೈಯಷ್ಟಿತ್ತು. ಅದನ್ನು ಅಂಟಿಸಲು ಬಳಸಿದ್ದ ಗೋಂದು ಮಾತ್ರ ಒಂದು ಗೋಡೆಗೆ ಸಾಕಾಗುವಷ್ಟಿತ್ತು. ಶುಕ್ರವಾರ ಬೆಳಿಗ್ಗೆ ಹಾಲಿನ ಪೊಟ್ಟಣ ಎತ್ತಿಕೊಳ್ಳಲು ಬಾಗಿಲು ತೆರೆದ ತೂಕದ ಸಾಹೇಬರು ಎದುರಿನ ಬಸ್ ಸ್ಟಾಪಿನ ಕಂಬದಲ್ಲಿ ಅದನ್ನು ಕಂಡರು, ಕನ್ನಡಕ ತರಲು ಒಳಗೆ ಹೋದರು, ಬಂದು ಓದಿದರು, ಹಾಲು ಮರೆತರು.

"ಸಾರ್ವಜನಿಕರ ಮನವಿಯ ಮೇರೆಗೆ ಈ ನಿಲ್ದಾಣವನ್ನು ಸೋಮವಾರದಿಂದ ಸೇತುವೆಯ ಆಚೆಗೆ ಸ್ಥಳಾಂತರಿಸಲಾಗುವುದು. ಆಕ್ಷೇಪಣೆಗಳಿದ್ದಲ್ಲಿ ಶುಕ್ರವಾರ ಸಂಜೆ ಐದರೊಳಗೆ ಸಲ್ಲಿಸತಕ್ಕದ್ದು."

ಆ ದಿನವೇ ಶುಕ್ರವಾರ. ಕಚೇರಿಗಳ ಸ್ವಭಾವವೇ ಹಾಗೆ. ಕೇಳಿದ್ದನ್ನು ಕೊಡಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತವೆ, ಕೊಟ್ಟದ್ದು ಬೇಡ ಅನ್ನಲು ಒಂದೇ ದಿನ ಕೊಡುತ್ತವೆ.

ಸಾಹೇಬರು ಅಂದರೆ ದೊಡ್ಡ ಸಾಹೇಬರೇನಲ್ಲ. ಅಂಗಡಿಗಳ ತಕ್ಕಡಿ, ತೂಕದ ಕಲ್ಲುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸದಲ್ಲಿ ಮೂವತ್ತೊಂದು ವರ್ಷ ಸವೆಸಿ ನಿವೃತ್ತರಾದವರು. ಕೆಲಸ ಬಿಟ್ಟರೂ ತೂಗುವ ಚಟ ಬಿಟ್ಟಿರಲಿಲ್ಲ. ಕೊಡೆ ಒಯ್ಯಬೇಕೋ ಬೇಡವೋ ಎಂದು ಅವರು ತೂಗಿ ಮುಗಿಸುವಷ್ಟರಲ್ಲಿ ಮಳೆ ಬಂದು ನಿಂತಿರುತ್ತಿತ್ತು. ಬೀದಿಯಲ್ಲಿ ಇಬ್ಬರು ಜಗಳವಾಡಿದರೆ ಇವರು ನಡುವೆ ನಿಂತು, "ನೀನು ಹೇಳೋದ್ರಲ್ಲೂ ತೂಕ ಇದೆ, ಅವನು ಹೇಳೋದ್ರಲ್ಲೂ ತೂಕ ಇದೆ" ಎನ್ನುವರು. ಕೊನೆಗೆ ಜಗಳವಾಡಿದವರಿಬ್ಬರೂ ಒಂದಾಗಿ ಇವರ ಮೇಲೆ ಬೀಳುವರು.

ಆದರೆ ಈ ಕಾಗದ ಓದಿದ ಮೇಲೆ ಸಾಹೇಬರು ತೂಗಲಿಲ್ಲ. ಒಳಗೆ ಅಕ್ಕ ಇದ್ದರು.

ಹೆಂಡತಿ ಹೋಗಿ ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಎರಡು ವರ್ಷದ ಹಿಂದೆ ಸಾಹೇಬರ ಅಕ್ಕನಿಗೆ ಮೂತ್ರಪಿಂಡ ಕೈಕೊಟ್ಟಿತು. ಒಂಟಿ ಹೆಂಗಸು, ತಮ್ಮನ ಮನೆಗೆ ಬಂದರು. ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ, ಶನಿವಾರ, ಒಂಬತ್ತನೇ ನಂಬರ್ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಬರುವಾಗ ಹಿಂಡಿದ ಬಟ್ಟೆಯ ಹಾಗಿರುತ್ತಿದ್ದರು. ಆಟೋ, ಕಾರು ಹತ್ತಿದರೆ ಎರಡನೇ ತಿರುವಿಗೇ ವಾಂತಿ. ಬಸ್ಸಿನ ಮುಂದಿನ ಸೀಟೊಂದೇ ಅವರಿಗೆ ಒಗ್ಗಿದ್ದು. ಸ್ಟಾಪಿನಿಂದ ಮನೆಯ ಬಾಗಿಲಿಗೆ ಹನ್ನೊಂದು ಹೆಜ್ಜೆ. ಆ ಹನ್ನೊಂದು ಹೆಜ್ಜೆಗೂ ತಮ್ಮನ ತೋಳು ಬೇಕಿತ್ತು.

ಸಾಹೇಬರು ಚಪ್ಪಲಿ ಮೆಟ್ಟಿ ಸೇತುವೆ ದಾಟಿ, ಏರು ಹತ್ತಿ, ಗೋದಾಮಿನ ಮುಂದೆ ಗುರುತು ಹಾಕಿದ್ದ ಹೊಸ ಸ್ಟಾಪಿನ ಜಾಗದವರೆಗೆ ಎಣಿಸುತ್ತಾ ಹೋಗಿಬಂದರು. ಆರುನೂರ ನಲವತ್ತು ಹೆಜ್ಜೆ.

ಅಕ್ಕ ಸುದ್ದಿ ಕೇಳಿ ಲೋಟ ಕೆಳಗಿಟ್ಟು, "ಒಳ್ಳೇದಾಯ್ತು ಬಿಡು. ಇನ್ಮೇಲೆ ಹೋಗಲ್ಲ" ಎಂದರು.

"ಹೋಗಲ್ಲ ಅಂದ್ರೆ? ಹೋಗದೆ ಇದ್ರೆ ಏನಾಗುತ್ತೆ ಗೊತ್ತಲ್ಲ ಅಕ್ಕ?"

"ಗೊತ್ತು. ಡಾಕ್ಟ್ರು ನಿನಗಿಂತ ಚೆನ್ನಾಗಿ ಹೇಳಿದ್ದಾರೆ. ಆರುನೂರು ಹೆಜ್ಜೆ ನನ್ನ ಕೈಲಾಗಲ್ಲ ಕಣೋ. ಹಾಲು ತಂದ್ಯಾ?"

ಸಾಹೇಬರು ಹಾಲು ತರಲು ಹೊರಗೆ ಬಂದರು. ಪೊಟ್ಟಣವನ್ನು ಬೆಕ್ಕು ಆಗಲೇ ಹರಿದಿತ್ತು.

ಅಷ್ಟರಲ್ಲಿ ಕಂಬದ ಸುತ್ತ ಬೀದಿ ನೆರೆದಿತ್ತು. ಮುಂಚೂಣಿಯಲ್ಲಿ ಟೈಲರ್ ಮತ್ತು ಹೆಡ್ ಮಿಸ್. ಟೈಲರ್ ಅಂಗಡಿ ಸ್ಟಾಪಿನ ಬೆನ್ನಿಗೇ ಇತ್ತು. ಬಸ್ಸಿಗೆ ಕಾಯುವವರೇ ಅವನ ಗಿರಾಕಿಗಳು. ಹೆಡ್ ಮಿಸ್ ಬೀದಿಯ ಕೊನೆಯ ಶಾಲೆಯ ಮುಖ್ಯಸ್ಥೆ. ಯಾವ ಕಾಗದ ಕಂಡರೂ ಕೆಂಪು ಪೆನ್ನು ತೆಗೆಯುವವರು. ಆಗಲೇ ಪ್ರಕಟಣೆಯ ಎರಡು ತಪ್ಪುಗಳಿಗೆ ಸುತ್ತು ಹಾಕಿ ಮುಗಿಸಿದ್ದರು.

"ಸಾರ್ವಜನಿಕರ ಮನವಿ ಅಂತೆ! ನಾನು ಸಾರ್ವಜನಿಕ ಅಲ್ವಾ? ನನ್ನನ್ನ ಯಾರು ಕೇಳಿದ್ರು?" ಎಂದು ಟೈಲರ್ ಕತ್ತಿನ ಟೇಪು ಎಳೆದಾಡಿದ.

"ಯಾರೋ ಒಬ್ಬ ಬೆನ್ನ ಹಿಂದೆ ಅರ್ಜಿ ಹಾಕಿದ್ದಾನೆ. ನನ್ನ ಮಕ್ಕಳು ಆ ಏರು ಇಳಿದು ಬರ್ಬೇಕಾ?" ಎಂದರು ಹೆಡ್ ಮಿಸ್.

ಎಲ್ಲರ ಕಣ್ಣೂ ಒಟ್ಟಿಗೆ ಮೇಲೆದ್ದವು. ಟೈಲರ್ ಅಂಗಡಿಯ ಮೇಲಿನ ಮನೆಯಲ್ಲಿ ನೀರಿನ ಮೀಟರ್ ಓದುವವನೊಬ್ಬ ಬಾಡಿಗೆಗಿದ್ದ. ಬಸ್ಸಿನ ಕಿಟಕಿಯಲ್ಲಿ ಕೂತವರು ತನ್ನ ಅಡುಗೆಮನೆಯಲ್ಲಿ ಏನು ಬೇಯುತ್ತಿದೆ ಎಂದು ಇಣುಕುತ್ತಾರೆ ಎಂದು ತಿಂಗಳಿಗೊಮ್ಮೆ ಗೊಣಗುವುದು ಅವನ ಪದ್ಧತಿ. ಮೆರವಣಿಗೆ ಮೆಟ್ಟಿಲು ಹತ್ತಿತು. ಅವನು ಅರ್ಧ ಮುಖ ಹೆರೆದು ಬಾಗಿಲು ತೆಗೆದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವನು ಸೋಪಿನ ಕೈಯಲ್ಲೇ ಹೆಗಲು ಮುಟ್ಟಿಕೊಂಡ.

"ಸ್ಟಾಪ್ ಹೋದ್ರೆ ನನಗೆ ಒಳ್ಳೇದೇ. ಸುಳ್ಳು ಯಾಕೆ ಹೇಳ್ಲಿ?" ಎಂದ. "ಹಾಗಂತ ನಾನೇ ತೆಗೆಸಿದೆ ಅಂತಾನಾ? ಮಳೆ ಬಂದ್ರೆ ಕಪ್ಪೆಗೆ ಒಳ್ಳೇದು. ಮಳೆ ತರ್ಸಿದ್ದು ಕಪ್ಪೇನಾ? ಅರ್ಜಿ ಹಾಕೋದಾಗಿದ್ರೆ ಮೊದ್ಲು ಈ ಟೈಲರ್ ಮೆಷಿನ್ ಮೇಲೆ ಹಾಕ್ತಿದ್ದೆ!"

"ನನ್ನ ಮೆಷಿನ್ ಏನ್ರೀ ಮಾಡಿದೆ?" ಎಂದು ಟೈಲರ್ ಸಿಡಿದ. "ಕೆಳಗೆ ಹಾಸಿರೋ ರಜಾಯಿ ತುಂಡು ನೋಡಿದ್ದೀರಾ? ಒಂಬತ್ತು ವರ್ಷದಿಂದ ಹಾಗೇ ಇದೆ. ಸಾಹೇಬ್ರ ಮನೆಯವ್ರಿಗೆ ಹುಷಾರಿಲ್ಲದಿದ್ದಾಗ ಸಾಹೇಬ್ರು ಖುದ್ದಾಗಿ ಬಂದು ಕೈ ಮುಗಿದು ಕೇಳಿದ್ರು, ಹಾಸ್ದೆ. ನೆಟ್ಟಗೆ ಬಂದು ಕೇಳಿದ್ರೆ ಯಾರು ಇಲ್ಲ ಅಂತಾರೆ?"

"ನಾನೂ ಎರಡು ತಿಂಗಳು ಶಾಲೆ ಗಂಟೆ ಹೊಡೆಸ್ಲಿಲ್ಲ" ಎಂದರು ಹೆಡ್ ಮಿಸ್. "ಚಪ್ಪಾಳೆ ತಟ್ಟಿ ಕ್ಲಾಸ್ ಬಿಟ್ಟೆ."

ಸಾಹೇಬರು ತಲೆ ತಗ್ಗಿಸಿದರು. ಆ ದಿನಗಳು ಅವರಿಗೆ ಸರಿಯಾಗಿ ನೆನಪಿರಲಿಲ್ಲ. ಔಷಧಿಯ ವಾಸನೆ, ಹೆಂಡತಿಯ ತೆರೆದ ಕಣ್ಣು, ಸದ್ದು ಮಾಡಬೇಡಿ ಎಂದು ಸಿಕ್ಕಸಿಕ್ಕವರನ್ನು ಬೇಡಿಕೊಂಡದ್ದು, ಇಷ್ಟೇ ಉಳಿದಿತ್ತು. ಉಳಿದದ್ದೆಲ್ಲ ತೊಳೆದು ಹೋಗಿತ್ತು.

ಮೇಲಿನ ಮನೆಯವನು ಬಂದಿದ್ದು ನಾಲ್ಕೇ ವರ್ಷದ ಹಿಂದೆ, ಅಷ್ಟು ಬೇಗ ಯಾವ ಕಚೇರಿಯೂ ಆದೇಶ ಹೊರಡಿಸುವುದಿಲ್ಲ, ಅವನ ಮುಖಕ್ಕೆ ಅರ್ಜಿ ಬರೆಯುವ ಕಳೆಯೂ ಇಲ್ಲ ಎಂದು ತೀರ್ಮಾನವಾಗಿ ಎಲ್ಲರೂ ಕೆಳಗಿಳಿದರು. ಟೈಲರ್ ಬೀದಿಯ ಮಧ್ಯೆ ನಿಂತು ಶಪಥ ಮಾಡಿದ: "ಅವನು ಯಾರೇ ಆಗಿರ್ಲಿ, ಇನ್ಮೇಲೆ ಅವನ ಬಟ್ಟೆಗೆ ನನ್ನ ಸೂಜಿ ತಾಗಲ್ಲ."

ಎಲ್ಲರೂ ಸಾಹೇಬರ ಮುಖ ನೋಡಿದರು. ಹುಟ್ಟಿದಾಗಿನಿಂದ ಸಾಹೇಬರು ಯಾರಿಗೂ ಶಾಪ ಹಾಕಿದವರಲ್ಲ. ಅಕ್ಕನ ಮುಖ ನೆನಪಾಯಿತು. "ಆ ಮನುಷ್ಯನಿಗೆ..." ಎಂದು ತಡವರಿಸಿದರು. "ಆ ಮನುಷ್ಯನಿಗೆ ನಿದ್ದೆ ಹತ್ತದಿರ್ಲಿ!"

ಬೀದಿ ಚಪ್ಪಾಳೆ ತಟ್ಟಿತು.

ಮಧ್ಯಾಹ್ನ ಸಾಹೇಬರು, ಟೈಲರ್, ಹೆಡ್ ಮಿಸ್ ಮೂವರೂ ಒಂಬತ್ತನೇ ನಂಬರ್ ಬಸ್ಸು ಹತ್ತಿ ಸಾರಿಗೆ ಕಚೇರಿಗೆ ಹೊರಟರು. ಆಕ್ಷೇಪಣೆ ಬರೆದವರು ಸಾಹೇಬರು. ಬಸ್ಸಿನಲ್ಲಿ ಹೆಡ್ ಮಿಸ್ ಅದನ್ನು ಒಮ್ಮೆ ನೋಡಿ ಕೊಡುತ್ತೇನೆ ಎಂದು ತೆಗೆದುಕೊಂಡರು. ವಾಪಸ್ ಕೊಡುವಾಗ ಮೂರು ಕಡೆ ಕೆಂಪು ಗೆರೆ, ಕೆಳಗೆ ಹತ್ತಕ್ಕೆ ಆರೂವರೆ ಅಂಕ ಇತ್ತು.

"ಕೆಂಪು ಶಾಯಿ ಇಲ್ಲಿ ಅಧಿಕಾರಿಗಳಿಗೆ ಮಾತ್ರ" ಎಂದು ಕಿಟಕಿಯ ಗುಮಾಸ್ತೆ ಕಾಗದವನ್ನು ಹಿಂದಕ್ಕೆ ತಳ್ಳಿದಳು. "ಬೇರೆ ಬರೀರಿ."

ಬೇರೆ ಬರೆಯಲು ಕಾಗದವಿರಲಿಲ್ಲ. ಕಾಗದ ಸಿಕ್ಕಾಗ ಒರಗಲು ಜಾಗವಿರಲಿಲ್ಲ. ಟೈಲರ್ ಬಗ್ಗಿ ನಿಂತ. ಸಾಹೇಬರು ಅವನ ಬೆನ್ನಿನ ಮೇಲೆ ಇಟ್ಟು ಬರೆದರು. ಬರೆಯುವಾಗ ಅವನಿಗೆ ಕಚಗುಳಿಯಾಗಿ ಎರಡು ಸಲ ನಕ್ಕ. ಹಾಗಾಗಿ 'ವೃದ್ಧ ರೋಗಿ' ಎಂಬಲ್ಲಿ ಅಕ್ಷರಗಳು ನಿಜವಾಗಿಯೂ ನಡುಗುವ ರೋಗಿಯಂತೆಯೇ ಬಂದವು. ಗಂಟೆ ಮೂರೂ ಮುಕ್ಕಾಲು.

"ಒಂದು ಆಕ್ಷೇಪಣೆಗೆ ಒಬ್ಬರೇ ಒಳಗೆ" ಎಂದಳು ಗುಮಾಸ್ತೆ.

"ನೀವೇ ಹೋಗಿ ಸಾಹೇಬ್ರೇ" ಎಂದ ಟೈಲರ್. "ಹೆಸರು ಕೇಳ್ಕೊಂಡೇ ಬನ್ನಿ. ಆಮೇಲೆ ನಾವಿದ್ದೀವಿ."

ಒಳಗೆ ನೆಗಡಿಯಿಂದ ಬಳಲುತ್ತಿದ್ದ ಅಧಿಕಾರಿಣಿಯೊಬ್ಬರು ಕೂತಿದ್ದರು. ಐವತ್ತರ ಆಸುಪಾಸಿನ ಹೆಂಗಸು. ಮೇಜಿನ ಮೇಲೆ ಕಡತಗಳಿಗಿಂತ ಕರ್ಚೀಫುಗಳೇ ಹೆಚ್ಚಿದ್ದವು. ಸಾಹೇಬರ ಕಾಗದವನ್ನು ಒಂದಕ್ಷರ ಬಿಡದೆ ಓದಿದರು. ಅಷ್ಟಕ್ಕೇ ಸಾಹೇಬರಿಗೆ ಅವರ ಮೇಲೆ ಗೌರವ ಬಂತು.

"ನಿಮ್ಮ ಕಷ್ಟ ಅರ್ಥ ಆಗುತ್ತೆ ಯಜಮಾನ್ರೇ. ಆದ್ರೆ ಎಲ್ಲರಿಗೂ ಒಳ್ಳೇದಾಗೋ ತೀರ್ಮಾನ ಅಂತ ಈ ಕುರ್ಚೀಲಿ ಕೂತ ಮೇಲೆ ನಾನೊಂದೂ ನೋಡಿಲ್ಲ. ಯಾರಿಗೆ ಎಷ್ಟು ಕೆಟ್ಟದು ಅಂತ ನೋಡೋದು, ಕಡಿಮೆ ಕೆಟ್ಟದ್ದಕ್ಕೆ ಸಹಿ ಹಾಕೋದು. ಈ ಅರ್ಜೀಲಿ ಅದನ್ನ ಎಷ್ಟು ಚೆನ್ನಾಗಿ ಬರೆದಿದ್ದಾರೆ ಗೊತ್ತಾ? ನನ್ನ ಸರ್ವೀಸಲ್ಲೇ ಇಂಥ ಅರ್ಜಿ ನೋಡಿಲ್ಲ."

"ಚೆನ್ನಾಗಿ ಬರೆದ್ರೆ ಆಯ್ತಾ ಮೇಡಂ? ಮಳೇಲಿ ಜನ ಏನ್ಮಾಡ್ಬೇಕು?"

ಅಧಿಕಾರಿಣಿ ಟೈಪ್ ಮಾಡಿದ ಪ್ರತಿಯೊಂದನ್ನು ತಿರುವಿದರು. "ಎರಡನೇ ಪ್ಯಾರಾ. 'ಮಳೆಯ ಆಕ್ಷೇಪಣೆ ಬರಬಹುದು. ಸೇತುವೆಯಾಚೆ ಗೋದಾಮಿನ ಮುಂದೆ ಉದ್ದನೆಯ ಚಾವಣಿಯಿದೆ. ಹಾಲಿ ನಿಲ್ದಾಣಕ್ಕೆ ಅದೂ ಇಲ್ಲ.'"

"ಶಾಲೆ ಮಕ್ಕಳು?"

"ಮೂರನೇ ಪ್ಯಾರಾ. 'ಮಕ್ಕಳಿಗೆ ನಡಿಗೆ ಹೊರೆಯಲ್ಲ. ನಡಿಗೆಯ ದೂರ ವಯಸ್ಕನ ಆರುನೂರ ನಲವತ್ತು ಹೆಜ್ಜೆ ಮಾತ್ರ.'"

"ಅಳತೆ ಸರಿಯಾಗಿದೆ" ಎಂದು ಸಾಹೇಬರ ಬಾಯಿಂದ ಹಳೆಯ ಅಭ್ಯಾಸದಲ್ಲಿ ಬಂದುಬಿಟ್ಟಿತು. "ನನಗೂ ಬೆಳಿಗ್ಗೆ ಅಷ್ಟೇ ಬಂತು." ಆಮೇಲೆ ನಾಲಿಗೆ ಕಚ್ಚಿಕೊಂಡರು. "ಆದ್ರೆ ವಯಸ್ಸಾದವ್ರು? ರೋಗಿಗಳು? ನಮ್ಮ ಅಕ್ಕನ ಥರದವ್ರು?"

"ನಾಲ್ಕನೇ ಪ್ಯಾರಾ." ಅಧಿಕಾರಿಣಿ ಸೀನಿ, ಕಣ್ಣೊರೆಸಿಕೊಂಡು ಓದಿದರು. "'ವೃದ್ಧರಿಗೂ ರೋಗಿಗಳಿಗೂ ತೊಂದರೆಯಾಗುವುದು ನಿಜ. ಆದರೆ ಅವರನ್ನು ಕೈಹಿಡಿದು ನಡೆಸುವುದು ಅವರವರ ಮನೆಯವರ ಹೊಣೆ. ಮನೆಯವರು ತಮ್ಮ ಹೊಣೆಯನ್ನು ಸಾರ್ವಜನಿಕರ ಮೇಲೆ ಹೊರಿಸುವುದು ನ್ಯಾಯವಲ್ಲ.'"

ಸಾಹೇಬರು ಕುರ್ಚಿಯಿಂದ ಎದ್ದೇ ನಿಂತರು. "ಕಲ್ಲು ಮನುಷ್ಯ! ಅವನ ಮನೇಲಿ ಯಾರೂ ಕಾಯಿಲೆ ಬಿದ್ದಿಲ್ವಾ? ಹೊಣೆ ಅಂತೆ ಹೊಣೆ! ಇಷ್ಟಕ್ಕೂ ಅವನಿಗೆ ಬಸ್ಸು ಏನು ಮಾಡಿತ್ತು?"

"ಮನೇಲಿ ರೋಗಿ ಇದ್ರು. ಬಸ್ಸಿನ ಬ್ರೇಕ್ ಸದ್ದಿಗೆ ಅವ್ರಿಗೆ ನಿದ್ದೆ ಇರ್ಲಿಲ್ಲ. ತನ್ನ ಮನೆಯ ಹೊಣೆ ಊರಿನ ಮೇಲೆ ಹಾಕ್ತಾ, ಬೇರೆಯವ್ರು ಹಾಕಬಾರ್ದು ಅಂತ ಬರೆದಿದ್ದಾರೆ ನೋಡಿ, ಅದೊಂದೇ ಇದರಲ್ಲಿರೋ ಓರೆ. ಅದರ ಮೇಲೆ ತರಬೇತಿ ಕೇಂದ್ರದಲ್ಲಿ ಎರಡು ವರ್ಷ ಚರ್ಚೆ ಆಯ್ತಂತೆ."

"ತರಬೇತಿ ಕೇಂದ್ರಾನಾ?"

"ಸಾಧಕ ಬಾಧಕ ತೂಗೋದು ಹೇಗೆ ಅಂತ ಹೊಸ ಅಧಿಕಾರಿಗಳಿಗೆ ಪಾಠ ಮಾಡೋಕೆ ಇದನ್ನೇ ಇಟ್ಕೊಂಡಿದ್ರು. ಬಡ್ತಿ ಬಂದಾಗ ನಾನೂ ಇದನ್ನ ಓದೇ ಪಾಸಾಗಿದ್ದು. ಅಲ್ಲಿಂದ ಕಡತ ವಾಪಸ್ ಬಂದು, ಅಳತೆ ಆಗಿ, ಆದೇಶ ಆಗೋ ಹೊತ್ತಿಗೆ ಒಂಬತ್ತು ವರ್ಷ."

ಒಂಬತ್ತು ವರ್ಷ ಎಂಬ ಮಾತು ಸಾಹೇಬರಿಗೆ ಎಲ್ಲಿಯೋ ತಾಗಿತು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯ ಹಾಗೆ ಇನ್ನೊಂದು ಯೋಚನೆ ಸಿಕ್ಕಿತು.

"ಅರ್ಜಿ ಹಾಕಿದವನೇ ಬಂದು ಬೇಡ ಅಂದ್ರೆ?"

"ಹಾಗಾದ್ರೆ ಆದೇಶ ರದ್ದು. ಐದರೊಳಗೆ ಅರ್ಜಿದಾರರೆಲ್ಲ ಖುದ್ದಾಗಿ ಬಂದು ಸಹಿ ಹಾಕ್ಬೇಕು ಅಷ್ಟೇ. ನನಗೂ ಸಮಾಧಾನವೇ."

"ಹೆಸರು ಹೇಳಿ ಮೇಡಂ. ಕಾಲು ಹಿಡಿದಾದ್ರೂ ಕರ್ಕೊಂಡು ಬರ್ತೀನಿ, ಕತ್ತಿನ ಪಟ್ಟಿ ಹಿಡಿದಾದ್ರೂ ಕರ್ಕೊಂಡು ಬರ್ತೀನಿ!"

ಟೈಪ್ ಪ್ರತಿಯಲ್ಲಿ ಹೆಸರಿರಲಿಲ್ಲ. ಪಾಠಕ್ಕೆ ಹೆಸರು ಬೇಡವೆಂದು ತರಬೇತಿ ಕೇಂದ್ರದವರು ಬಿಟ್ಟಿದ್ದರು. ಗುಮಾಸ್ತೆ ದಾಖಲೆ ಕೋಣೆಗೆ ಹೋಗಿ, ಧೂಳು ಕೊಡವುತ್ತಾ ಮೂಲ ಅರ್ಜಿಯನ್ನು ತಂದು ಮೇಜಿನ ಮೇಲಿಟ್ಟಳು. ಹಳದಿ ತಿರುಗಿದ ಒಂದೇ ಹಾಳೆ. ದುಂಡಗಿನ, ಒಂದಕ್ಷರಕ್ಕೂ ಇನ್ನೊಂದಕ್ಷರಕ್ಕೂ ಅಳೆದಿಟ್ಟಂತೆ ಜಾಗ ಬಿಟ್ಟ ಕೈಬರಹ. ಮೂವತ್ತೊಂದು ವರ್ಷ ತಕ್ಕಡಿಗಳ ಪ್ರಮಾಣಪತ್ರ ಬರೆದ ಕೈಬರಹ.

ಸಾಹೇಬರು ಕೂತುಬಿಟ್ಟರು.

ತನ್ನ ಬೆನ್ನು ತನಗೆ ಕಾಣುವುದಿಲ್ಲ ಅನ್ನುತ್ತಾರೆ. ಸಾಹೇಬರಿಗೆ ಕಂಡಿತು. ನೆನಪೂ ಆಯಿತು. ಹೆಂಡತಿಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಬರೆದದ್ದು. ಇಬ್ಬರ ಸಹಿಯಿದ್ದರೆ ತೂಕ ಹೆಚ್ಚು ಎಂದು ಅವಳ ಕೈಗೆ ಹಾಳೆ, ಪೆನ್ನು ಕೊಟ್ಟು, "ಇಲ್ಲಿ ಹಾಕು" ಎಂದು ಬಿಸಿನೀರು ತರಲು ಎದ್ದುಹೋದದ್ದು. ಬಂದಾಗ ಹಾಳೆ ಮಡಿಸಿತ್ತು. ಹಾಗೇ ಒಯ್ದು ಕಚೇರಿಯ ಅರ್ಜಿ ಪೆಟ್ಟಿಗೆಗೆ ಹಾಕಿದ್ದರು. ಮೂರು ವಾರಕ್ಕೆ ಅವಳಿಗೆ ಯಾರೂ ಎಬ್ಬಿಸಲಾಗದ ನಿದ್ದೆ ಬಂತು. ಅರ್ಜಿ ಮರೆತೇ ಹೋಯಿತು.

ಅಧಿಕಾರಿಣಿ ಹೆಸರು ಓದಿದರು, ಆಕ್ಷೇಪಣೆಯ ಹೆಸರು ಓದಿದರು, ಮತ್ತೆ ಅರ್ಜಿಯ ಹೆಸರು ಓದಿದರು. ನೆಗಡಿಯಲ್ಲೂ ಮುಖ ಅರಳಿತು.

"ಅಯ್ಯೋ, ನೀವೇನಾ! ಹಾಗಾದ್ರೆ ಸುಲಭ ಆಯ್ತಲ್ಲ! ಇಬ್ಬರ ಸಹಿ ಇದೆ. ನೀವಂತೂ ಇಲ್ಲೇ ಇದ್ದೀರಿ. ಮನೆಯವ್ರನ್ನ ಕರ್ಕೊಂಡು ಬನ್ನಿ, ಐದು ಗಂಟೆವರೆಗೂ ಕೂತಿರ್ತೀನಿ."

"ಅವಳು ಬರಲ್ಲ ಮೇಡಂ."

"ಯಾಕೆ, ಸಿಟ್ಟಾ? ನಾನು ಬೇಕಾದ್ರೆ ಫೋನಲ್ಲಿ ಮಾತಾಡ್ತೀನಿ."

"ಇಲ್ಲ ಮೇಡಂ. ಸಿಟ್ಟಲ್ಲ. ಅವಳು ಇಲ್ಲ."

ಅಧಿಕಾರಿಣಿ ಕರ್ಚೀಫನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ನಿಯಮದ ಪುಸ್ತಕವನ್ನು ಎರಡು ಸಲ ತಿರುವಿದರು. ಹುಡುಕಿದ್ದು ಅಲ್ಲಿರಲಿಲ್ಲ.

"ಬದುಕಿರೋರು ಮನಸ್ಸು ಬದಲಾಯಿಸಿದ್ರೆ ಏನ್ಮಾಡ್ಬೇಕು ಅಂತ ನಿಯಮ ಇದೆ ಯಜಮಾನ್ರೇ. ಹೋದವ್ರು ಮನಸ್ಸು ಬದಲಾಯಿಸೋಕೆ ನಿಯಮ ಇಲ್ಲ."

ಸಾಹೇಬರು ಹಾಳೆಯನ್ನು ಕೈಗೆತ್ತಿಕೊಂಡರು. ಹೆಂಡತಿಯ ಸಹಿ ಗೆರೆಯಿಂದ ಕೆಳಕ್ಕೆ ಜಾರಿತ್ತು. ಅದರ ಸುತ್ತ ಕಾಗದ ಸಣ್ಣಗೆ ಉಬ್ಬಿತ್ತು. ಹಿಂದಿನಿಂದ ಯಾರೋ ಒತ್ತಿ ಬರೆದ ಹಾಗೆ. ತಿರುಗಿಸಿದರು.

ಹಿಂಬದಿಯಲ್ಲಿ ಅವಳ ಅಕ್ಷರಗಳಿದ್ದವು, ಮಲಗಿಕೊಂಡು ಬರೆದದ್ದರಿಂದ ಅವೂ ಮಲಗಿದ್ದವು.

"ಸ್ವಾಮಿ, ನನಗೆ ಬಸ್ಸಿನ ಸದ್ದಿನಿಂದ ತೊಂದರೆ ಇಲ್ಲ. ಆರು ಹತ್ತರ ಬಸ್ಸು ಬ್ರೇಕ್ ಹಾಕಿದರೆ ಇವರು ಆಫೀಸಿಂದ ಬಂದರು ಅಂತ ಗೊತ್ತಾಗುತ್ತದೆ. ಆಮೇಲೇ ನನಗೆ ಕಣ್ಣು ಹತ್ತುವುದು. ಆದರೆ ಇವರಿಗೆ ನನಗಾಗಿ ಏನಾದರೂ ಮಾಡಬೇಕಾಗಿದೆ, ಸುಮ್ಮನೆ ಕೂರಲು ಆಗುತ್ತಿಲ್ಲ. ಅದಕ್ಕೇ ಸಹಿ ಹಾಕಿದ್ದೇನೆ. ದಯವಿಟ್ಟು ಅವಸರ ಮಾಡಬೇಡಿ."

ಸಾಹೇಬರು ಮೂರು ಸಲ ಓದಿದರು. ಆ ಕಚೇರಿ ತನ್ನ ಇಡೀ ಚರಿತ್ರೆಯಲ್ಲಿ ಅರ್ಜಿದಾರರ ಕೋರಿಕೆಯನ್ನು ಇಷ್ಟು ಅಕ್ಷರಶಃ ಪಾಲಿಸಿದ್ದು ಇದೊಂದೇ ಇರಬೇಕು.

ಬಸ್ಸು ಹತ್ತುವವರೆಲ್ಲರ ಕಾಲುನೋವನ್ನು ತೂಗಿದ್ದರು, ಮಳೆಯನ್ನು ತೂಗಿದ್ದರು, ಮಕ್ಕಳನ್ನು ತೂಗಿದ್ದರು. ಎರಡು ಅಡಿ ದೂರದಲ್ಲಿ ಮಲಗಿದ್ದವಳನ್ನು, "ನಿನಗೆ ಸದ್ದಿನಿಂದ ತೊಂದರೆ ಆಗ್ತಿದೆಯಾ?" ಎಂದು ಒಂದು ಮಾತು ಕೇಳಿರಲಿಲ್ಲ. ಅಳು ಬಂತು. ಪರರ ಕಚೇರಿ ಎಂದು ತಡೆದುಕೊಂಡರು, ಆಗಲಿಲ್ಲ. ಅಧಿಕಾರಿಣಿ ಒಗೆದ ಕರ್ಚೀಫೊಂದನ್ನು ಆರಿಸಿ ಮುಂದೆ ಸರಿಸಿದರು.

"ಇದನ್ನ ಆಗಲೇ ಯಾರಾದ್ರೂ ತಿರುಗಿಸಿ ನೋಡಿದ್ದಿದ್ರೆ ಅರ್ಜಿ ತಿರಸ್ಕಾರ ಆಗ್ತಿತ್ತು" ಎಂದರು ಮೆಲ್ಲಗೆ.

"ಈಗ ನೋಡಿದ್ದೀರಲ್ಲ ಮೇಡಂ?"

ಅವರು ಹಾಳೆಯ ತಲೆಯಲ್ಲಿದ್ದ ಸಣ್ಣ ಅಚ್ಚನ್ನು ತೋರಿಸಿದರು: 'ಒಂದೇ ಬದಿ ಬರೆಯತಕ್ಕದ್ದು.' "ಹಿಂಬದಿ ಲೆಕ್ಕಕ್ಕಿಲ್ಲ. ಆದೇಶ ಆಗಿಹೋಗಿದೆ. ನೀವು ಹೊಸದಾಗಿ ಒಂದು ಅರ್ಜಿ ಕೊಡಿ, ಸ್ಟಾಪು ವಾಪಸ್ ಬರ್ಲಿ ಅಂತ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಸಲ ಸ್ವಲ್ಪ ಕೆಟ್ಟದಾಗಿ ಬರೀರಿ. ಚೆನ್ನಾಗಿ ಬರೆದ್ರೆ ಮತ್ತೆ ತರಬೇತಿ ಕೇಂದ್ರಕ್ಕೆ ಹೋಗುತ್ತೆ."

"ಈ ಹಾಳೆ ನನಗೆ ಕೊಡ್ತೀರಾ?"

"ಶಾಶ್ವತ ದಾಖಲೆ. ನೋಡ್ಬೇಕು ಅನ್ಸಿದ್ರೆ ಅದಕ್ಕೂ ಒಂದು ಅರ್ಜಿ ಕೊಡಿ, ನಾನು ಇರೋವರೆಗೂ ತೋರಿಸ್ತೀನಿ."

ಹೊರಗೆ ಟೈಲರ್ ತೋಳು ಮಡಚಿ ನಿಂತಿದ್ದ. ಹೆಡ್ ಮಿಸ್ ಪೆನ್ನಿನ ಮುಚ್ಚಳ ತೆಗೆದು ಸಿದ್ಧರಾಗಿದ್ದರು.

"ಸಿಕ್ತಾ ಹೆಸರು?"

ಸಾಹೇಬರು ಸುಳ್ಳು ಹೇಳಬಹುದಿತ್ತು. ಒಮ್ಮೆಯಾದರೂ ತೂಗದೆ ಮಾತಾಡೋಣ ಅನ್ನಿಸಿತು. "ನಾನೇ. ಅರ್ಜಿ ಹಾಕಿದ್ದು ನಾನೇ."

ಇಬ್ಬರೂ ಅವರ ಮುಖ ನೋಡಿದರು. ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ಯಾರದೋ ಹೆಂಗಸಿನ ಕರ್ಚೀಫು.

"ಪಾಪ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಇವ್ರು" ಎಂದರು ಹೆಡ್ ಮಿಸ್.

"ನಿಜ ಹೇಳ್ತಿದ್ದೀನಿ ಮಿಸ್. ಅವಳಿಗೆ ಹುಷಾರಿಲ್ಲದಿದ್ದಾಗ..."

"ಗೊತ್ತಾಯ್ತು ಬಿಡಿ ಸಾಹೇಬ್ರೇ" ಎಂದು ಟೈಲರ್ ಅವರ ಕೈ ಹಿಡಿದುಕೊಂಡ. "ಯಾರನ್ನೋ ಉಳಿಸೋಕೆ ನಿಮ್ಮ ಮೇಲೆ ಹಾಕ್ಕೊಳ್ತಿದ್ದೀರಿ. ನನ್ನ ಮೆಷಿನ್ ಸದ್ದಿಗೆ ನನ್ನ ಹತ್ರಾನೇ ಬಂದು ಕೈ ಮುಗಿದವ್ರು ನೀವು. ಬೆನ್ನ ಹಿಂದೆ ಅರ್ಜಿ ಹಾಕೋ ಜಾತಿನಾ ನಿಮ್ಮದು? ಇಂಥ ದೊಡ್ಡ ಮನಸ್ಸು ಯಾರಿಗಿದೆ!"

ಸಾಹೇಬರು ಬಸ್ಸಿನಲ್ಲಿ ಇನ್ನೆರಡು ಸಲ ತಪ್ಪೊಪ್ಪಿಕೊಂಡರು. ಒಪ್ಪಿಕೊಂಡಷ್ಟೂ ಅವರ ಘನತೆ ಏರುತ್ತಾ ಹೋಯಿತು. ಬಸ್ಸು ಬೀದಿ ಮುಟ್ಟುವಷ್ಟರಲ್ಲಿ ನಿಲ್ದಾಣ ಉಳಿಸಿ ಹೋರಾಟ ಸಮಿತಿ ಹುಟ್ಟಿತ್ತು, ಅಜ್ಞಾತ ಅರ್ಜಿದಾರನಿಗೆ ಧಿಕ್ಕಾರ ಎಂಬ ನಿರ್ಣಯ ಪಾಸಾಗಿತ್ತು, ಸಾಹೇಬರು ಅವಿರೋಧವಾಗಿ ಅಧ್ಯಕ್ಷರಾಗಿದ್ದರು. ಮೇಲಿನ ಮನೆಯವನೂ ಕಿಟಕಿಯಿಂದ ಚಪ್ಪಾಳೆ ತಟ್ಟಿದ.

ನಂಬಿದವರು ಅಕ್ಕ ಒಬ್ಬರೇ. ತಮ್ಮ ಹೇಳಿ ಮುಗಿಸುವವರೆಗೂ ಗೋಡೆ ನೋಡುತ್ತಾ ಕೂತಿದ್ದರು.

"ಅವಳನ್ನ ಒಂದು ಮಾತು ಕೇಳ್ಬಾರ್ದಿತ್ತೇನೋ?"

"ಅವಳಿಗೆ ಒಳ್ಳೇದಾಗ್ಲಿ ಅಂತಲ್ವಾ ಅಕ್ಕ ಮಾಡಿದ್ದು? ಅದರಲ್ಲಿ ಕೇಳೋದೇನು ಅಂತ..."

"ಇವತ್ತು ಬೆಳಿಗ್ಗೆಯಿಂದ ನನ್ನ ಹೆಸರು ಹೇಳ್ಕೊಂಡು ಊರೆಲ್ಲ ಸುತ್ತಿ ಬಂದ್ಯಲ್ಲ. ನನ್ನನ್ನಾದ್ರೂ ಕೇಳಿದ್ಯಾ?"

ಸಾಹೇಬರು ಲೋಟ ಎತ್ತಿಕೊಂಡು ಅಡುಗೆಮನೆಗೆ ನಡೆದರು.

ಸೋಮವಾರ ಇಬ್ಬರು ಬಂದು ಕಂಬ ಕಿತ್ತು ಒಯ್ದರು. ಮಂಗಳವಾರ ಬೆಳಿಗ್ಗೆ ಸಾಹೇಬರು ಒಂದು ಕೈಯಲ್ಲಿ ಅಕ್ಕನನ್ನೂ ಇನ್ನೊಂದು ಕೈಯಲ್ಲಿ ಸ್ಟೂಲನ್ನೂ ಹಿಡಿದು ಹೊರಟರು. ಅದೇ ಸ್ಟೂಲು, ಅದರ ಮೇಲೆ ಕೂತೇ ಅರ್ಜಿ ಬರೆದದ್ದು. ಸೇತುವೆಯ ಮಧ್ಯದಲ್ಲಿ ಅಕ್ಕ ನಿಂತುಬಿಟ್ಟರು. ಉಸಿರು ಸಿಕ್ಕುತ್ತಿರಲಿಲ್ಲ.

"ಅಕ್ಕ" ಎಂದರು ಸಾಹೇಬರು. "ನಿನಗೇನು ಬೇಕು ಹೇಳು. ಹೋಗೋದಾ, ಬಿಡೋದಾ? ನೀನು ಹೇಳಿದ ಹಾಗೆ."

"ಮೊದ್ಲು ಸ್ಟೂಲ್ ಹಾಕು. ಕೂತ್ಕೊಂಡು ಹೇಳ್ತೀನಿ."

ಹಾಕಿದರು. ಅಕ್ಕ ಕೂತು, ಕೆಳಗೆ ಹರಿಯುವ ನೀರನ್ನು ಬಹಳ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ಸಾಹೇಬರು ಪಟ್ಟ ಪಾಡು ಅವರ ಯಾವ ತಕ್ಕಡಿಗೂ ಬರುವಂಥದ್ದಲ್ಲ.

"ಇವತ್ತು ಹೋಗೋಣ" ಎಂದರು ಅಕ್ಕ. "ಗುರುವಾರದ್ದು ಗುರುವಾರ ಕೇಳು."

ಅಂದರೆ ವಾರಕ್ಕೆ ಮೂರು ಸಲ ಕೇಳಬೇಕು, ಮೂರು ಸಲವೂ ಉತ್ತರಕ್ಕೆ ಕಾಯಬೇಕು.

ಏರಿನಲ್ಲಿ ಎದುರಾದ ಟೈಲರ್, "ಆ ಅರ್ಜಿ ಹಾಕಿದವನು ಹಾಳಾಗಿ ಹೋಗ್ಲಿ ಸಾಹೇಬ್ರೇ!" ಎಂದು ಕೂಗಿದ. "ಹೌದಪ್ಪಾ" ಎಂದರು ಸಮಿತಿಯ ಅಧ್ಯಕ್ಷರು. ಶುಕ್ರವಾರದಿಂದ ಅವರು ಕಣ್ಣು ಮುಚ್ಚಿರಲಿಲ್ಲ. ಅವರ ಬಾಯಿಂದ ಬಂದ ಮೊದಲ ಶಾಪ ಗುರಿ ತಪ್ಪಿರಲಿಲ್ಲ.

ಸಂಜೆ ಹಿಂತಿರುಗಿ ಅಕ್ಕನನ್ನು ಮಲಗಿಸಿ, ಸಾಹೇಬರು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತರು. ಗಡಿಯಾರ ಆರು ಹತ್ತು ತೋರಿಸಿತು. ಒಂಬತ್ತನೇ ನಂಬರ್ ಬಸ್ಸು ನಿಲ್ಲದೆ ಹೊರಟುಹೋಯಿತು. ಬ್ರೇಕಿನ ಕಿರಿಚಾಟವಿಲ್ಲ, ಕಂಡಕ್ಟರನ ಸೀಟಿಯಿಲ್ಲ, ಇಳಿದವರ ಮಾತಿಲ್ಲ. ಒಂಬತ್ತು ವರ್ಷದ ಹಿಂದೆ ಅರ್ಜಿ ಹಾಕಿ ಕೇಳಿದ್ದ ನಿಶ್ಶಬ್ದ ಆ ದಿನ ಮನೆಗೆ ಬಂದು ತಲುಪಿತ್ತು.

"ಏನೋ ಇದು?" ಎಂದು ಅಕ್ಕ ಮಗ್ಗುಲಾದರು. "ಮನೆ ಇಷ್ಟು ಸುಮ್ಮನಿದ್ರೆ ನಿದ್ದೆ ಹೇಗೆ ಬರುತ್ತೆ?"

"ಅರ್ಜಿ ಕೊಟ್ಟಿದ್ದೀನಿ ಅಕ್ಕ."

"ಅವಸರ ಇದೆ ಅಂತ ಬರೆದ್ಯಾ?"

"ಬರೆದಿದ್ದೀನಿ" ಎಂದರು ಸಾಹೇಬರು. "ಹಿಂಬದೀಲಿ."